ಮಳೆ, ಚಳಿ ಮತ್ತು ನಮ್ಮ ಕುದುರೆ: ಕಂಬಳಿಯೋ, ತಾಡಪತ್ರಿಯೋ, ರಗ್ಗೋ?

ಜೂನ್ ಎರಡನೇ ವಾರ ಬಂತೆಂದರೆ ನನಗೆ ಒಂದೇ ಥರದ ಫೋನ್‌ಗಳು ಶುರುವಾಗುತ್ತವೆ. ಖಾನಾಪುರ ಕಡೆಯವರು ಕೇಳುತ್ತಾರೆ, "ಅಣ್ಣಾರ, ಕುದುರಿಗೆ ಏನ್ ಹೊಚ್ಚೂದು?" ಡಿಸೆಂಬರ್‌ನಲ್ಲಿ ಅದೇ ಪ್ರಶ್ನೆ ವಿಜಯಪುರದ ಟಾಂಗಾದವರಿಂದ ಬರುತ್ತದೆ. ಒಬ್ಬರು ತಾಡಪತ್ರಿ ತಂದಿಟ್ಟಿರುತ್ತಾರೆ, ಇನ್ನೊಬ್ಬರು ಮೊಬೈಲ್‌ನಲ್ಲಿ ಕುದುರೆಗೆಂದೇ ಹೊಲಿದ ವಿದೇಶಿ ಹೊದಿಕೆಯ, ಅಂದರೆ ರಗ್ಗಿನ ಫೋಟೋ ನೋಡಿರುತ್ತಾರೆ, ಮತ್ತೊಬ್ಬರ ಮನೆಯಲ್ಲಿ ಅಜ್ಜನ ಕಾಲದ ಕಂಬಳಿ ಇರುತ್ತದೆ. ಯಾವುದು ಒಳ್ಳೆಯದು ಅಂತ ಒಂದೇ ಮಾತಲ್ಲಿ ಹೇಳಿ ಅನ್ನುತ್ತಾರೆ. ಒಂದೇ ಮಾತಲ್ಲಿ ಹೇಳಲು ಬರುವುದಿಲ್ಲ. ನಿಮ್ಮ ಊರು ಯಾವುದು, ಕುದುರೆ ಎಂಥದ್ದು, ರಾತ್ರಿ ಎದ್ದು ನೋಡುವವರು ಯಾರು, ಇಷ್ಟು ಗೊತ್ತಾದರೆ ಉತ್ತರ ಸಿಗುತ್ತದೆ.

ನಮ್ಮ ಮನೆಯಲ್ಲಿ ಮೂರು ತಲೆಮಾರಿನಿಂದ ಕುದುರೆ ಇದೆ. ಅಜ್ಜ ಬೆಳಗಾವಿಯಲ್ಲಿ ಟಾಂಗಾ ಹೊಡೆಯುತ್ತಿದ್ದರು. ಈಗ ಒಂದು ಹೆಣ್ಣು ಕುದುರೆ, ಒಂದು ಮುದಿ ಗಂಡು ಇವೆ. ಇಲ್ಲಿ ಬರೆದದ್ದರಲ್ಲಿ ಅರ್ಧ ಮನೆಯಲ್ಲಿ ಕಲಿತದ್ದು, ಅರ್ಧ ಪಶುವೈದ್ಯರನ್ನು ಕೇಳಿ ತಿಳಿದದ್ದು.

ಚಳಿಗಿಂತ ಒದ್ದೆ ಕೆಟ್ಟದ್ದು

ಹೊದಿಕೆ ಆರಿಸುವ ಮೊದಲು ಒಂದು ವಿಷಯ ತಲೆಯಲ್ಲಿ ಕೂರಬೇಕು. ಕುದುರೆ ನಮ್ಮ ಥರ ಅಲ್ಲ. ನಮಗೆ ಸ್ವೆಟರ್ ಬೇಕು ಅನ್ನಿಸುವ ಹೊತ್ತಿಗೆ ಅದಕ್ಕೆ ಹಾಯಾಗಿರುತ್ತದೆ. ಮೈ ಒಣಗಿದ್ದು, ಹೊಟ್ಟೆ ತುಂಬಿದ್ದರೆ ಆರೋಗ್ಯವಂತ ಕುದುರೆ ಸುಮಾರು 5 ಡಿಗ್ರಿವರೆಗೂ ಹೆಚ್ಚಿನ ತ್ರಾಸಿಲ್ಲದೆ ತಡೆಯುತ್ತದೆ. ಅದರ ಕೂದಲು ಚಳಿಗೆ ನಿಮಿರಿ ನಿಲ್ಲುತ್ತವೆ. ಕೂದಲ ನಡುವೆ ಗಾಳಿ ಸಿಕ್ಕಿಬಿದ್ದು ಅದೇ ಹಾಸಿಗೆಯ ಥರ ಕೆಲಸ ಮಾಡುತ್ತದೆ.

ಆದರೆ ಮಳೆ ನೀರು ಚರ್ಮದವರೆಗೆ ಇಳಿದರೆ ಆ ಕೂದಲೆಲ್ಲ ಮೈಗೆ ಅಂಟಿಕೊಳ್ಳುತ್ತವೆ. ಗಾಳಿಯ ಪದರವೇ ಇರುವುದಿಲ್ಲ. ಆಗ 15 ಡಿಗ್ರಿಗೇ ಕುದುರೆಗೆ ಚಳಿ ಹತ್ತುತ್ತದೆ. ಜೋರು ಗಾಳಿ ಸೇರಿದರೆ ಅದಕ್ಕಿಂತ ಮೊದಲೇ. ನಮ್ಮ ಕುದುರೆಗಳ ಕೂದಲು ಮೊದಲೇ ತೆಳು. ಮಾರವಾಡಿ, ಕಾಠಿಯಾವಾಡಿ ತಳಿಗಳು ಬಿಸಿಲು ನಾಡಿನವು. ಹೀಗಾಗಿ ಜುಲೈನ ಒಂದು ಬೆಳಗಾವಿ ರಾತ್ರಿ, 19–20 ಡಿಗ್ರಿ ಇದ್ದರೂ, ನಾಲ್ಕು ದಿನದಿಂದ ನೆನೆದ ಕುದುರೆಗೆ ಸುಮ್ನೆ ಕಳೆಯುವ ರಾತ್ರಿ ಅಲ್ಲ.

ನನ್ನದೇ ತಪ್ಪು ಹೇಳುತ್ತೇನೆ. ಹನ್ನೆರಡು ವರ್ಷದ ಹಿಂದೆ, ಹೀಗೇ ಒಂದು ಮಳೆಗಾಲ. ನಮ್ಮ ರಾಣಿ ಬಯಲಲ್ಲಿ ನೆನೆದು ಬಂದಿದ್ದಳು. ಪಾಪ ಅನ್ನಿಸಿ ಅವಳ ಮೇಲೆ ಒಂದು ನೀಲಿ ತಾಡಪತ್ರಿ ಹಾಕಿ, ಹೊಟ್ಟೆಯ ಕೆಳಗೆ ಹಗ್ಗ ಕಟ್ಟಿ ಮಲಗಿದೆ. ಬೆಳಿಗ್ಗೆ ಕಾಕಾ ಬಂದರು. ಮೇಲಿನಿಂದ ನೋಡಿದರೆ ಎಲ್ಲ ಸರಿ ಇತ್ತು. ಕಾಕಾ ಅಂದರು, "ನೋಡಿದ್ರ ಏನ್ ತಿಳೀತೈತಿ? ಒಳಗ ಕೈ ಹಾಕು ಮೊದಲ." ಕೈ ಹಾಕಿದೆ. ಒಳಗೆಲ್ಲ ಬೆಚ್ಚಗಿನ ನೀರು. ಬಟ್ಟೆ ಒಗೆದು ಹಿಂಡದೆ ಬಿಟ್ಟಂತೆ. ಕಮಟು ವಾಸನೆ ಬೇರೆ. ವಾರ ಕಳೆಯುವಷ್ಟರಲ್ಲಿ ಬೆನ್ನ ಮೇಲೆ ಸಣ್ಣ ಸಣ್ಣ ಗಂಟು ಎದ್ದವು. ಉಗುರಿನಿಂದ ಎತ್ತಿದರೆ ಹಕ್ಕಳೆ ಕೂದಲಿನ ಕುಚ್ಚಿನ ಸಮೇತ ಕಿತ್ತು ಬರುತ್ತಿತ್ತು, ಬಣ್ಣ ಬಳಿಯುವ ಬ್ರಷ್ಷಿನ ತುದಿಯ ಥರ. ಕೆಳಗೆ ಕೆಂಪು ಹಸಿ ಚರ್ಮ. ಡರ್ಮಟೋಫಿಲಸ್ ಎಂಬ ಬ್ಯಾಕ್ಟೀರಿಯಾದಿಂದ ಬರುವ ರೋಗ ಅದು, ಒದ್ದೆ ಚರ್ಮ ಸಿಕ್ಕರೆ ಹಬ್ಬುತ್ತದೆ ಎಂದು ಡಾಕ್ಟರು ಹೇಳಿದರು. ಮಳೆ ಮಾಡದ ಕೇಡನ್ನು ನನ್ನ ತಾಡಪತ್ರಿ ಮಾಡಿತ್ತು.

ಯಾವುದನ್ನು ಯಾವುದರಿಂದ ಅಳೆಯಬೇಕು

ಅಂದಿನಿಂದ ನಾನು ಪ್ರತಿಯೊಂದು ಹೊದಿಕೆಗೂ ಇವೇ ಪ್ರಶ್ನೆ ಕೇಳುತ್ತೇನೆ. ಹೊರಗಿನ ನೀರನ್ನು ತಡೆಯುತ್ತದೆಯೇ? ಒಳಗಿನ ಬೆವರು, ಹಬೆ ಹೊರಗೆ ಹೋಗುತ್ತದೆಯೇ? ಗಾಳಿಯನ್ನು ತಡೆಯುತ್ತದೆಯೇ? ಒದ್ದೆಯಾದರೆ ಎಷ್ಟು ಹೊತ್ತಿಗೆ ಒಣಗುತ್ತದೆ? ದಿನಕ್ಕೆ ಎಷ್ಟು ಸಲ ಒಬ್ಬ ಮನುಷ್ಯ ಬಂದು ನೋಡಬೇಕು? ದುಡ್ಡಿನ ಪ್ರಶ್ನೆ ಕೊನೆಗೆ. ಯಾಕೆಂದರೆ ಅಗ್ಗದ ಹೊದಿಕೆಗೆ ಮೂರು ಸಲ ಎದ್ದು ನೋಡುವ ಆಳು ಬೇಕಾದರೆ ಅದು ಅಗ್ಗವೇ ಅಲ್ಲ, ಅಲ್ವಾ?

ಹೊದಿಕೆಗೂ ಮೊದಲು: ಲಾಯ ಮತ್ತು ಮೇವು

ಕೈಯಲ್ಲಿ ಇರುವ ದುಡ್ಡು ಒಂದಕ್ಕೇ ಸಾಕಾಗುವುದಾದರೆ ಮೊದಲು ಮೇಲ್ಛಾವಣಿಗೆ ಹಾಕಿ. ಇದರಲ್ಲಿ ನನಗೆ ಎರಡು ಮಾತಿಲ್ಲ. ಮೂರು ಕಡೆ ಗೋಡೆ, ಒಂದು ಕಡೆ ಬಯಲು ಇರುವ ಒಂದು ಶೆಡ್ಡು ಯಾವ ರಗ್ಗಿಗಿಂತಲೂ ಹೆಚ್ಚು ಕೆಲಸ ಮಾಡುತ್ತದೆ. ಒಂದು ಕುದುರೆಗೆ 12 ಅಡಿ ಉದ್ದ, 12 ಅಡಿ ಅಗಲ ಬೇಕು. ಸಣ್ಣ ತಟ್ಟು ಇದ್ದರೆ 10 ಅಡಿ ಸಾಕು.

ದಿಕ್ಕು ನೋಡಿ ಕಟ್ಟಬೇಕು. ಬೆಳಗಾವಿ, ಖಾನಾಪುರದಲ್ಲಿ ಮುಂಗಾರು ಗಾಳಿ ಪಶ್ಚಿಮದಿಂದ, ನೈಋತ್ಯದಿಂದ ಬರುತ್ತದೆ. ಹಾಗಾಗಿ ಹಿಂದಿನ ಗೋಡೆ ಆ ಕಡೆ ಇರಲಿ, ಬಾಯಿ ಪೂರ್ವಕ್ಕಿರಲಿ. ಆದರೆ ಇದೇ ಶೆಡ್ಡನ್ನು ವಿಜಯಪುರದಲ್ಲಿ ಕಟ್ಟಿದರೆ ಚಳಿಗಾಲದಲ್ಲಿ ಬೇರೆ ತೊಂದರೆ. ಅಲ್ಲಿ ಡಿಸೆಂಬರ್, ಜನವರಿಯ ಕೊರೆಯುವ ಗಾಳಿ ಪೂರ್ವ, ಈಶಾನ್ಯದಿಂದ ಬೀಸುತ್ತದೆ, ನೇರ ಬಾಯಿಗೇ ಬರುತ್ತದೆ. ಅದಕ್ಕೆ ಗೋಡೆ ಎಬ್ಬಿಸಬೇಕಿಲ್ಲ. ಗೋಣಿ ಚೀಲ ಬಿಚ್ಚಿ ಹೊಲಿದು ಕುದುರೆಯ ಎದೆಮಟ್ಟಕ್ಕೆ ಪರದೆ ಕಟ್ಟಿ. ಮೇಲೆ ತೆರೆದಿರಲಿ.

ಮೇಲೆ ತೆರೆದಿರಲಿ ಅಂದದ್ದಕ್ಕೆ ಕಾರಣ ಇದೆ. ಚಳಿ ಅಂತ ಲಾಯದ ಎಲ್ಲ ಕಿಂಡಿ ಮುಚ್ಚುವವರನ್ನು ನೋಡಿದ್ದೇನೆ. ಉಚ್ಚೆಯಿಂದ ಏಳುವ ಅಮೋನಿಯಾ ಒಳಗೇ ತುಂಬುತ್ತದೆ. ಒಳಗೆ ಕಾಲಿಟ್ಟಾಗ ನಿಮ್ಮ ಕಣ್ಣು ಉರಿದರೆ ಕುದುರೆಯ ಶ್ವಾಸಕೋಶ ದಿನವಿಡೀ ಉರಿಯುತ್ತಿದೆ ಎಂದರ್ಥ. ಗಾಳಿ ಕುದುರೆಯ ಮೈಗೆ ಬಡಿಯಬಾರದು, ತಲೆಯ ಮೇಲಿಂದ ಹಾದುಹೋಗಬೇಕು.

ತಗಡಿನ ಛಾವಣಿಗೆ ಇನ್ನೊಂದು ಗುಣ. ಬೆಳಗಿನ ಜಾವ ಒಳಗಿನ ಹಬೆ ತಗಡಿಗೆ ತಾಗಿ ಹನಿ ಹನಿಯಾಗಿ ಬೆನ್ನ ಮೇಲೆ ಬೀಳುತ್ತದೆ. ತಗಡಿನ ಮೇಲೆ ಕಬ್ಬಿನ ರವದಿ (ಒಣಗಿದ ಸೋಗೆ) ಹೊಚ್ಚಿದರೆ ಇದು ಬಹಳ ಕಡಿಮೆಯಾಗುತ್ತದೆ. ಕಬ್ಬಿನ ಸೀಮೆಯಲ್ಲಿ ರವದಿಗೆ ಬರವೇ? ಅದನ್ನೇ ಕೆಳಗೆ ಹಾಸಿಗೆಗೂ ಹಾಕಬಹುದು. ಅರ್ಧ ಅಡಿ ದಪ್ಪ ಇರಲಿ, ಒದ್ದೆಯಾದದ್ದನ್ನು ದಿನಾ ತೆಗೆಯಿರಿ. ಬಾಗಲಕೋಟೆ ಕಡೆ ಫರಸಿ ಕಲ್ಲು ಹಾಸಿದ ಲಾಯ ಜಾಸ್ತಿ. ತೊಳೆಯಲು ಸುಲಭ, ಆದರೆ ರಾತ್ರಿ ಕಲ್ಲು ಮೈಯ ಬಿಸಿ ಹೀರುತ್ತದೆ, ಒದ್ದೆಯಾದರೆ ಕಾಲು ಜಾರುತ್ತದೆ. ಅಲ್ಲಿ ಹಾಸಿಗೆ ದಪ್ಪ ಬೇಕೇ ಬೇಕು.

ಇನ್ನು ಮೇವು. ಕುದುರೆಯ ಒಲೆ ಅದರ ಹೊಟ್ಟೆಯಲ್ಲೇ ಇದೆ. ನಾರು ಮೇವು ದೊಡ್ಡ ಕರುಳಿನಲ್ಲಿ ಹುಳಿಯುವಾಗ ಬಿಸಿ ಹುಟ್ಟುತ್ತದೆ, ಗಂಟೆಗಟ್ಟಲೆ ಹುಟ್ಟುತ್ತಲೇ ಇರುತ್ತದೆ. ಹುರುಳಿ ಬೇಯಿಸಿ ಹಾಕಿದರೆ ಮೈ ಬಿಸಿಯಾಗುತ್ತದೆ ಅನ್ನುವ ನಂಬಿಕೆ ನಮ್ಮಲ್ಲಿದೆ. ಹುರುಳಿ ಒಳ್ಳೆಯ ಆಹಾರವೇ. ಆದರೆ ರಾತ್ರಿಯಿಡೀ ಬೆಚ್ಚಗಿಡುವುದು ಹುಲ್ಲು. 300 ಕೆಜಿಯ ಕುದುರೆಗೆ ದಿನಕ್ಕೆ 5–6 ಕೆಜಿ ಒಣ ಮೇವು ಬೇಕು. ಮಳೆ ಹಿಡಿದ ದಿನ ಸಂಜೆಗೆ ಇನ್ನೂ ಒಂದು, ಒಂದೂವರೆ ಕೆಜಿ ಹೆಚ್ಚಿಗೆ ಹಾಕಿ. ಒಣ ಹುಲ್ಲು, ಶೇಂಗಾ ಹೊಟ್ಟು ಎರಡೂ ಆಗುತ್ತವೆ. ಒಂದು ಎಚ್ಚರಿಕೆ: ಎಳೆ ಹಸಿ ಜೋಳ ಮಾತ್ರ ಬೇಡ. ಅದರಲ್ಲಿ ವಿಷದ ಅಂಶವಿದೆ. ಕುದುರೆಯ ಮೂತ್ರಕೋಶಕ್ಕೂ ಹಿಂಗಾಲಿನ ನರಕ್ಕೂ ಪೆಟ್ಟು ಬೀಳುತ್ತದೆ. ಬೂಸಲು ಹಿಡಿದ ಮೇವನ್ನು "ಮೇಲಿನದು ತೆಗೆದು ಹಾಕೋಣ" ಅಂತಲೂ ಹಾಕಬೇಡಿ, ಹೊಟ್ಟೆಶೂಲೆಗೆ ಅದೇ ದಾರಿ. ಮಳೆಗಾಲದಲ್ಲಿ ಬಣವೆ ಕಾಪಾಡುವುದು ಕುದುರೆ ಕಾಪಾಡುವುದರಲ್ಲೇ ಸೇರಿದೆ.

ಚಳಿಯಲ್ಲಿ ಕುದುರೆ ನೀರು ಕಡಿಮೆ ಕುಡಿಯುತ್ತದೆ. ಅದೂ ಶೂಲೆಗೆ ಕಾರಣ. ಸ್ವಲ್ಪ ಉಗುರು ಬೆಚ್ಚಗಿನ ನೀರು ಇಟ್ಟು ನೋಡಿ, ಬಕೆಟ್ ಖಾಲಿಯಾಗುವುದು ಗೊತ್ತಾಗುತ್ತದೆ.

ಈಗ ಹೊದಿಕೆಗಳು

ತಾಡಪತ್ರಿ. ನೀರು, ಗಾಳಿ ಎರಡನ್ನೂ ಪೂರ್ತಿ ತಡೆಯುತ್ತದೆ. ಅಗ್ಗ. ಆದರೆ ಒಳಗಿನ ಹಬೆ ಹೊರಗೆ ಹೋಗುವುದೇ ಇಲ್ಲ. ಮೈಗೆ ನೇರವಾಗಿ ಹಾಕಿದರೆ ಏನಾಗುತ್ತದೆ ಅಂತ ಮೇಲೆ ಹೇಳಿದೆ. ಗಾಳಿಗೆ ಪಟಪಟ ಅಂದರೆ ಬೆದರುವ ಕುದುರೆಗಳೂ ಇವೆ. ತಾಡಪತ್ರಿಯನ್ನು ಕುದುರೆಗೆ ಕಟ್ಟಬೇಡಿ, ನಾಲ್ಕು ಗೂಟಕ್ಕೆ ಕಟ್ಟಿ. ಜಾತ್ರೆಗೆ, ಶರ್ಯತ್ತಿಗೆ ಹೋದಾಗ ಹೀಗೆ ಕಟ್ಟಿದ ತಾಡಪತ್ರಿ ಒಂದು ರಾತ್ರಿಯ ಲಾಯವಾಗುತ್ತದೆ. ಅದಕ್ಕೆ ಅದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ.

ಗೋಣಿ ಚೀಲದ ಝೂಲು, ಅಂದರೆ ಕುದುರೆಯ ಬೆನ್ನಿಗೆ ಹೊದಿಸುವ ಬಟ್ಟೆ. ಮೂರ್ನಾಲ್ಕು ಸೆಣಬಿನ ಚೀಲ ಬಿಚ್ಚಿ ಹೊಲಿದರೆ ಆಯಿತು. ಗಾಳಿಯಾಡುತ್ತದೆ, ಬೆವರು ಹೀರುತ್ತದೆ. ಮಳೆಗೆ ಮಾತ್ರ ಏನೂ ಪ್ರಯೋಜನವಿಲ್ಲ, ನೆನೆದು ಭಾರವಾಗುತ್ತದೆ. ವಿಜಯಪುರ, ಬಾಗಲಕೋಟೆಯ ಒಣ ಚಳಿಗೆ, ಛಾವಣಿ ಇದ್ದ ಕಡೆ, ಇದು ಸಾಕು. ಕಡಿಮೆ ಖರ್ಚಿನಲ್ಲಿ ಇಷ್ಟು ಕೆಲಸ ಮಾಡುವುದು ಬೇರೆ ಇಲ್ಲ. ಸಿಮೆಂಟ್ ಚೀಲ, ಗೊಬ್ಬರದ ಪ್ಲಾಸ್ಟಿಕ್ ಚೀಲ ಹೊಲಿಯಬೇಡಿ. ಅವು ತಾಡಪತ್ರಿಯ ಅಣ್ಣತಮ್ಮಂದಿರು. ಒಳಗಿನ ಪುಡಿ ಚರ್ಮಕ್ಕೂ ಕೆಟ್ಟದ್ದು.

ಕಂಬಳಿ. ಇದರ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಯಾಕೆಂದರೆ ನಮ್ಮವರು ಇದನ್ನು ಬಿಟ್ಟು ಬೇರೆಲ್ಲ ಹುಡುಕುತ್ತಾರೆ. ನಮ್ಮ ಕುರುಬರು ದಖ್ಖನಿ ಕುರಿಯ ಉಣ್ಣೆಯಿಂದ ಕೈಮಗ್ಗದಲ್ಲಿ ನೇಯ್ದ ಕರಿ ಕಂಬಳಿ, ಹುಣಸೆ ಬೀಜದ ಗಂಜಿ ಹಚ್ಚಿ ಬಿರುಸು ಮಾಡಿದ್ದು. ಉಣ್ಣೆಗೆ ಒಂದು ವಿಶೇಷ ಗುಣ. ತನ್ನ ತೂಕದ ಸುಮಾರು ಮೂರನೇ ಒಂದು ಪಾಲು ತೇವ ಹೀರಿಕೊಂಡರೂ ಮುಟ್ಟಿದರೆ ಒದ್ದೆ ಅನ್ನಿಸುವುದಿಲ್ಲ, ಬಿಸಿಯೂ ಬಿಡುವುದಿಲ್ಲ. ನೆನೆದು ಬಂದ ಕುದುರೆಯನ್ನು ಒಣಗಿಸಲು ಇದಕ್ಕಿಂತ ಒಳ್ಳೆಯ ಬಟ್ಟೆ ನಾನು ಕಂಡಿಲ್ಲ. ಮೊದಲು ಕೈಯಿಂದ ನೀರು ಇಳಿಸಬೇಕು. ಆಮೇಲೆ ಒಣ ಹುಲ್ಲಿನ ಸಿಂಬೆ ಮಾಡಿ ಕೂದಲಿಗೆ ಎದುರಾಗಿ ಉಜ್ಜಬೇಕು, ಕೂದಲು ಎದ್ದು ನಿಲ್ಲುವ ಹಾಗೆ. ಬೆನ್ನ ಮೇಲೆ ಒಂದು ಹಿಡಿ ಹುಲ್ಲು ಹರಡಿ ಅದರ ಮೇಲೆ ಕಂಬಳಿ ಹಾಕಬೇಕು. ಹುಲ್ಲಿನ ನಡುವೆ ಗಾಳಿ ಆಡುತ್ತದೆ. ಅರ್ಧ ಗಂಟೆಗೆ ಕಂಬಳಿಯ ಮೇಲ್ಮೈಯಲ್ಲಿ ಸಣ್ಣ ಸಣ್ಣ ಹನಿ ಕೂತಿರುತ್ತವೆ, ಕೆಳಗೆ ಕೂದಲು ಒಣಗುತ್ತಿರುತ್ತದೆ. ಮೊದಲ ಸಲ ನೋಡಿದವರು ಮೇಲೆ ಯಾರೋ ನೀರು ಚಿಮುಕಿಸಿದ್ದಾರೆ ಅಂದುಕೊಳ್ಳುತ್ತಾರೆ. ಅದು ಕುದುರೆಯ ಮೈಯಿಂದಲೇ ಹೊರಗೆ ಬಂದ ಹಬೆ.

ತೊಂದರೆಯೂ ಇದೆ. ಜಿಟಿ ಮಳೆಯನ್ನು ಸ್ವಲ್ಪ ಹೊತ್ತು ತಡೆಯುತ್ತದೆ, ಖಾನಾಪುರದ ಸುರಿಯುವ ಮಳೆಯನ್ನಲ್ಲ. ಪೂರ್ತಿ ನೆನೆದರೆ ಎತ್ತಲು ಇಬ್ಬರು ಬೇಕು. ಜುಲೈ ಬೆಳಗಾವಿಯಲ್ಲಿ ಅದು ಒಣಗಲು ಮೂರು ದಿನವೂ ಸಾಲದು. ಬಿರುಸಾದ್ದರಿಂದ ಕುತ್ತಿಗೆ ಮುಗಿದು ಬೆನ್ನು ಶುರುವಾಗುವ ಏರಿನ ಹತ್ತಿರ ಉಜ್ಜಿ ಕೂದಲು ಹೋಗುತ್ತದೆ. ಅಲ್ಲಿ ಒಳಗೆ ಒಂದು ಹಳೆಯ ಹತ್ತಿ ಸೀರೆ ಹೊಲಿಯಿರಿ. ಕಂಬಳಿ ತೆಗೆದುಕೊಳ್ಳುವುದಾದರೆ ಎರಡು ತೆಗೆದುಕೊಳ್ಳಿ. ಒಂದು ಮೈಮೇಲೆ, ಒಂದು ಒಣಗಲು.

ಜಲನಿರೋಧಕ ರಗ್ಗು. ಕುದುರೆಗೆಂದೇ ಹೊಲಿದದ್ದು. ನೀರು ಒಳಗೆ ಬಿಡುವುದಿಲ್ಲ, ಹಬೆ ಹೊರಗೆ ಬಿಡುತ್ತದೆ. ಎದೆಗೆ, ಹೊಟ್ಟೆಗೆ ಬಕಲ್ ಇರುವುದರಿಂದ ಜಾರುವುದಿಲ್ಲ. ದುಬಾರಿ. ಆದರೆ ಹಗಲೆಲ್ಲ ಮಳೆಯಲ್ಲಿ ಬಯಲಲ್ಲೇ ಇರುವ ಕುದುರೆಗೆ ಇದೊಂದೇ ಸರಿಯಾದ ಹೊದಿಕೆ. ಕೊಳ್ಳುವಾಗ ಎರಡು ನೋಡಿ. ಒಳಗಿನ ತುಂಬು, ಅಂದರೆ ನಡುವೆ ತುಂಬಿದ ಮೆತ್ತನೆಯ ಪದರ, ಚದರ ಮೀಟರಿಗೆ ಎಷ್ಟು ಗ್ರಾಂ ಅಂತ ಬರೆದಿರುತ್ತಾರೆ. 200, 300 ಗ್ರಾಂ ಇರುವವು ಹಿಮ ಬೀಳುವ ನಾಡಿಗೆ. ನಮ್ಮ ಕಡೆ ಅವು ಹಾಕಿದರೆ ಕುದುರೆ ಬೆವರಿ ಮತ್ತೆ ಒದ್ದೆಯಾಗುತ್ತದೆ. ನಮಗೆ ತುಂಬು ಇಲ್ಲದ 0 ಗ್ರಾಂ ಹಾಳೆಯಂಥದ್ದು ಸಾಕು. ಮುದಿ ಕುದುರೆ ಇದ್ದರೆ 50 ಅಥವಾ 100 ಗ್ರಾಂ. ಎರಡನೆಯದು ಹೊರಬಟ್ಟೆಯ ಡೀನಿಯರ್, ಅಂದರೆ ನೂಲಿನ ದಪ್ಪದ ಅಳತೆ. 600 ಇದ್ದರೆ ಸಾಧಾರಣ, 1200 ಇದ್ದರೆ ಮುಳ್ಳು ಬೇಲಿಗೂ ಬೇಗ ಹರಿಯುವುದಿಲ್ಲ. ಅಳತೆ ತೆಗೆಯುವಾಗ ಎದೆಯ ನಡುವಿನಿಂದ ಪಕ್ಕೆಯ ಮೇಲೆ ಹಾಯಿಸಿ ಹಿಂಭಾಗದ ತುದಿವರೆಗೆ ಟೇಪು ಹಿಡಿಯಿರಿ. ನಮ್ಮ ಕುದುರೆಗಳು ವಿದೇಶದವುಗಳಿಗಿಂತ ಚಿಕ್ಕವು, ಕಣ್ಣಂದಾಜಿಗೆ ತಂದರೆ ದೊಡ್ಡದಾಗಿ ಕಾಲಿಗೆ ಸಿಕ್ಕುತ್ತದೆ.

ರಗ್ಗು ಇದೆ ಅಂತ ದಿನಗಟ್ಟಲೆ ತೆಗೆಯದೆ ಬಿಡಬಾರದು. ದಿನಕ್ಕೊಮ್ಮೆ ತೆಗೆದು, ಖರಾರ ಮಾಡಿ (ಬ್ರಷ್ಷಿನಿಂದ ಮೈ ಉಜ್ಜಿ), ಚರ್ಮ ನೋಡಿ ಮತ್ತೆ ಹಾಕಬೇಕು. ನೆನೆದ ಮೈಮೇಲೆ ರಗ್ಗು ಹಾಕಿದರೆ ಅದೂ ತಾಡಪತ್ರಿಯೇ.

ಶೆಗಡಿ, ಕುಳ್ಳಿನ ಬೆಂಕಿ. ಲಾಯದೊಳಗೆ ಬೇಡ. ಒಣ ರವದಿ, ಹುಲ್ಲು ಇರುವ ಜಾಗ. ಹೊಗೆಯೂ ಕುದುರೆಯ ಶ್ವಾಸಕ್ಕೆ ಕೆಟ್ಟದ್ದು. ಸಾರಾಯಿ ಕುಡಿಸಿದರೆ ಮೈ ಬಿಸಿಯಾಗುತ್ತದೆ ಅನ್ನುವವರ ಮಾತನ್ನು ದಯವಿಟ್ಟು ಕೇಳಬೇಡಿ.

ಹಾಗಾದರೆ ನಿಮಗೆ ಯಾವುದು?

ಖಾನಾಪುರ, ಕಣಕುಂಬಿ, ಜಾಂಬೋಟಿ ಕಡೆ ಇರುವವರಿಗೆ ಛಾವಣಿ ಬಿಟ್ಟರೆ ಗತಿಯಿಲ್ಲ. ಮಲಪ್ರಭೆ ಹುಟ್ಟುವ ಸೀಮೆ ಅದು, ಮಳೆ ವಾರಗಟ್ಟಲೆ ನಿಲ್ಲುವುದಿಲ್ಲ. ನೆಲ ಒಂದು ಅಡಿ ಏರಿಸಿ, ಗರಸು (ಸಣ್ಣ ಕಲ್ಲು ಬೆರೆತ ಮಣ್ಣು) ಹಾಕಿ ಲಾಯ ಕಟ್ಟಿ. ಉಳಿದ ದುಡ್ಡಿನಲ್ಲಿ ಎರಡು ಕಂಬಳಿ. ಕೆಲಸಕ್ಕೆ ಹೊರಗೆ ಹೋಗುವ ಕುದುರೆ ಇದ್ದರೆ ಮಾತ್ರ ರಗ್ಗು.

ಬೆಳಗಾವಿ ನಗರದ ಸುತ್ತ, ಮನೆಯ ಪಕ್ಕದಲ್ಲೇ ಲಾಯ ಇರುವವರಿಗೆ ಒಂದು ಕಂಬಳಿ, ಒಂದು ಗೋಣಿ ಝೂಲು ಸಾಕು. ಪ್ರಾಯದ, ಮೈತುಂಬಿದ ಕುದುರೆಗೆ ಅದೂ ಎಷ್ಟೋ ದಿನ ಬೇಕಾಗುವುದಿಲ್ಲ. ಕೂದಲು ಒಣಗಿದ್ದರೆ ಹಾಗೇ ಬಿಡಿ. ಹೊದಿಕೆ ಕೂದಲನ್ನು ಒತ್ತಿಬಿಡುತ್ತದೆ, ನಿಮಿರಲು ಬಿಡುವುದಿಲ್ಲ. ಅಂದರೆ ಅದರ ಸ್ವಂತ ಕಂಬಳಿಯನ್ನು ನಾವೇ ಕಿತ್ತುಕೊಂಡಂತೆ.

ಬಾಗಲಕೋಟೆ, ವಿಜಯಪುರದಲ್ಲಿ ವರ್ಷದ ಮಳೆ 600 ಮಿ.ಮೀ. ಆಸುಪಾಸು, ಅದರಲ್ಲಿ ದೊಡ್ಡ ಪಾಲು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಅಲ್ಲಿ ರಗ್ಗಿಗೆ ದುಡ್ಡು ಹಾಕುವುದು ದಂಡ. ಆದರೆ ಎರಿ ಮಣ್ಣಿನ ಕೆಸರು ಬೇರೆಯೇ ಶತ್ರು. ಗೊರಸಿನೊಳಗೆ ಗಟ್ಟಿಯಾಗಿ ಕೂರುತ್ತದೆ, ಕೆಳಗೆ ಕೊಳೆ ಶುರುವಾಗುತ್ತದೆ. ಹೊದಿಕೆಗಿಂತ ಮೊದಲು ದಿನಾ ಸಂಜೆ ಗೊರಸು ಕೆರೆದು ಒಣಗಿಸಿ. ಚಳಿಗಾಲದ ರಾತ್ರಿ 10 ಡಿಗ್ರಿಯ ಹತ್ತಿರ ಇಳಿದಾಗ ಝೂಲು, ಪರದೆ, ಹೊಟ್ಟೆ ತುಂಬ ಮೇವು.

ಮುದಿ ಕುದುರೆ, ಪಕ್ಕೆಲುಬು ಎಣಿಸಬಹುದಾದ ಕುದುರೆ, ಎಳೆ ಮರಿ, ಕಾಯಿಲೆಯಿಂದ ಎದ್ದದ್ದು, ಕೂದಲು ಕತ್ತರಿಸಿದ್ದು, ಇವುಗಳಿಗೆ ಮೇಲಿನ ಲೆಕ್ಕ ಹಿಡಿಯಬೇಡಿ. ಇವಕ್ಕೆ ಬೇರೆಯವುಗಳಿಗಿಂತ ಮೊದಲೇ ಹೊದಿಕೆ ಬೇಕು. ನಮ್ಮ ಮುದಿಯನಿಗೆ ಹಲ್ಲಿಲ್ಲ, ಹುಲ್ಲು ಅಗಿಯಲು ಆಗುವುದಿಲ್ಲ. ಒಳಗಿನ ಒಲೆಗೆ ಕಟ್ಟಿಗೆಯೇ ಇಲ್ಲ ಅಂದಂಗೆ. ಅವನಿಗೆ ಮೇವು ಸಣ್ಣಗೆ ಕತ್ತರಿಸಿ ನೆನೆಸಿ ಕೊಡುತ್ತೇವೆ, ನವೆಂಬರ್‌ನಿಂದಲೇ ಕಂಬಳಿ ಹಾಕುತ್ತೇವೆ.

ಚಳಿ ಹತ್ತಿದೆಯೋ ಇಲ್ಲವೋ ತಿಳಿಯಲು ಬೆರಳನ್ನು ಕೂದಲೊಳಗೆ ಚರ್ಮದವರೆಗೆ ಇಳಿಸಿ. ಎಷ್ಟೋ ಸಲ ಮೇಲೆ ತೊಯ್ದು ತೊಟ್ಟಿಕ್ಕುತ್ತಿದ್ದರೂ ಬುಡ ಒಣಗಿರುತ್ತದೆ. ಆಗ ಗಾಬರಿ ಬೇಡ. ಬುಡವೂ ಒದ್ದೆ, ಕಿವಿಯ ಬುಡ ತಣ್ಣಗೆ, ಮೈ ಗಡಗಡ ಅಂದರೆ ಒಣಗಿಸುವ ಕೆಲಸ ಹಿಡಿಯಿರಿ. ಒಣಗಿಸಿ, ಮೇವು ಹಾಕಿ, ಹೊದಿಸಿದ ಮೇಲೂ ನಡುಕ ನಿಲ್ಲದಿದ್ದರೆ ಥರ್ಮಾಮೀಟರ್ ಹಾಕಿ. ಕುದುರೆಯ ಗುದದ ಉಷ್ಣತೆ 37.2ರಿಂದ 38.3 ಡಿಗ್ರಿ ಇರಬೇಕು. ಅದಕ್ಕಿಂತ ಜಾಸ್ತಿ ಇದ್ದರೆ ಅದು ಚಳಿ ಅಲ್ಲ, ಜ್ವರ. ಮಳೆ ಮುಗಿಯುವ ಹೊತ್ತಿಗೆ ದೊಡ್ಡ ನೊಣ ಕಚ್ಚಿ ಹರಡುವ ಸರ್ರಾ ರೋಗ ಕುದುರೆಗೆ ಬಹಳ ಕೆಟ್ಟದ್ದು. ಅದಕ್ಕೆ ಯಾವ ಕಂಬಳಿಯೂ ಮದ್ದಲ್ಲ, ಅವತ್ತೇ ಪಶುವೈದ್ಯರನ್ನು ಕರೆಯಿರಿ.

ಮದುವೆ ಮೆರವಣಿಗೆಯ ಕುದುರೆ ಇಟ್ಟವರಿಗೆ ಒಂದು ಮಾತು ಬೇರೆ. ನಿಮ್ಮ ಕುದುರೆಗೆ ಅಪಾಯ ಇರುವುದು ಲಾಯದಲ್ಲಿ ಅಲ್ಲ, ರಾತ್ರಿ ಹನ್ನೊಂದಕ್ಕೆ ವಾಪಸ್ ಬರುವ ಟೆಂಪೋದಲ್ಲಿ. ಬ್ಯಾಂಡಿನ ಮುಂದೆ ಎರಡು ಗಂಟೆ ಕುಣಿದು ಬೆವರಿರುತ್ತದೆ, ಜರಿ ಝೂಲಿನ ಕೆಳಗೆ ಮೈಯೆಲ್ಲ ಒದ್ದೆ. ಹಾಗೇ ತೆರೆದ ಗಾಡಿಗೆ ಹತ್ತಿಸಿ 40 ಕಿ.ಮೀ. ಓಡಿಸಿದರೆ ಮಳೆಯೇ ಬೇಡ. ಮಂಟಪದ ಹೊರಗೇ ಜರಿ ಝೂಲು, ಜೀನು ತೆಗೆಯಿರಿ. ಹತ್ತು ನಿಮಿಷ ನಡೆಸಿ, ಹುಲ್ಲಿನಿಂದ ಉಜ್ಜಿ, ಒಣ ಕಂಬಳಿ ಹಾಕಿ ಹತ್ತಿಸಿ. ಟೆಂಪೋದ ಮುಂಭಾಗಕ್ಕೂ ಮೇಲಕ್ಕೂ ತಾಡಪತ್ರಿ ಕಟ್ಟಿ, ಹಿಂದೆ ತೆರೆದಿರಲಿ. ಆ ಕಂಬಳಿ ಟೆಂಪೋದಲ್ಲೇ ಇರಲಿ, ಮನೆಯಲ್ಲಲ್ಲ.